ಜರ್ಮನಿಯಲ್ಲಿ ಮಗುವಿಗೆ ಕ್ಯಾನ್ಸರ್: ಇಮೇಲ್ ಕಳಿಸಿ ಸುಮ್ಮನೆ ಕೂರಬೇಡಿ

ಚಿಕಿತ್ಸೆಯ ಖರ್ಚು ವಿಮೆಯದು ಎಂಬುದು ಎಲ್ಲರಿಗೂ ಗೊತ್ತು, ಅದನ್ನು ಬಿಡುತ್ತೇನೆ. ನಮ್ಮ ಹುಬ್ಬಳ್ಳಿ, ಗದಗ ಕಡೆಯ ಒಂಟಿ ತಾಯಂದಿರು ಎಡವುವುದು ಬೇರೆ ಕಡೆ. ಮಕ್ಕಳ ಕ್ಯಾನ್ಸರ್ ವಾರ್ಡಿನ ಮನಃಶಾಸ್ತ್ರಜ್ಞೆ ಮಾತಿಗೆ ಕರೆದರೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ನೆನಪಾಗಿ, "ನನಗೇನು ಹುಚ್ಚು ಹಿಡಿದಿದೆಯೇ?" ಎಂದು ಸಿಡುಕುತ್ತಾರೆ. ಇಲ್ಲಿ ಆಕೆಯೂ ಕಿಮೋ ಕೊಡುವ ತಂಡದವಳೇ. ನೀವು ಹೇಳಿದ್ದನ್ನು ಗುಟ್ಟಾಗಿಡಲು ಕಾನೂನೇ ಆಕೆಯನ್ನು ಕಟ್ಟಿಹಾಕಿದೆ. ಅತ್ತರೆ ಮಗುವನ್ನು ಕಸಿದುಕೊಳ್ಳುತ್ತಾರೆ ಎಂಬುದು ವಾಟ್ಸಾಪ್ ಪುರಾಣ. ದೊಡ್ಡ ಮಗನನ್ನೂ ಜೊತೆಗೆ ಕೂರಿಸಿ, ಆದರೆ ಅವನನ್ನೇ ದುಭಾಷಿ ಮಾಡಬೇಡಿ. ತಮ್ಮನ ರಕ್ತದ ವರದಿಯನ್ನು ಅವ್ವನಿಗೆ ಕನ್ನಡದಲ್ಲಿ ಹೇಳುವ ಕೆಲಸ ಆ ವಯಸ್ಸಿನದಲ್ಲ. ದುಭಾಷಿ ಬೇಕೆಂದು ಆಸ್ಪತ್ರೆಯನ್ನೇ ಕೇಳಿ.

ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಯಾಗಿದ್ದರೆ ಅತ್ತಿಗೆ ರೊಟ್ಟಿ ಬುತ್ತಿ ತರುತ್ತಿದ್ದಳು, ಜೊತೆಗೆ "ಗಂಡನಿಲ್ಲದ ಮನೆ, ಹೀಗಾಯಿತು" ಎಂಬ ಮಾತನ್ನೂ. ಇಲ್ಲಿ ಎರಡೂ ಇಲ್ಲ. ನನ್ನನ್ನು ಕೇಳಿದರೆ ಹೊಟ್ಟೆಗೆ ಹುಬ್ಬಳ್ಳಿ ವಾಸಿ, ಮನಸ್ಸಿಗೆ ಜರ್ಮನಿ.

ಕಠಿಣ ಚಿಕಿತ್ಸೆಯ ಹಂತ ಮುಗಿದ ಮೇಲೆ ಇಡೀ ಕುಟುಂಬಕ್ಕೆ ಸಾಮಾನ್ಯವಾಗಿ ನಾಲ್ಕು ವಾರಗಳ ಪುನಶ್ಚೇತನವಿದೆ. ಬ್ಲ್ಯಾಕ್ ಫಾರೆಸ್ಟಿನ ಟಾನ್‌ಹೈಮ್, ಕಾಥರೀನೆನ್‌ಹ್ಯೋಹೆ ಕೇಂದ್ರಗಳಲ್ಲಿ ತಾಯಿ, ಅಣ್ಣ, ತಂಗಿ ಎಲ್ಲರಿಗೂ ಆರೈಕೆ. ಅರ್ಜಿಯನ್ನು ವಾರ್ಡಿನ ಸಮಾಜ ಕಾರ್ಯಕರ್ತೆಯಿಂದಲೇ ಬರೆಸಿ. ಮುಟ್ಟರ್-ಕಿಂಡ್-ಕೂರ್ ಎಂಬ ತಾಯಿ-ಮಗುವಿನ ಆರೈಕೆ ಬೇರೆಯೇ ಯೋಜನೆ, ಆ ಫಾರ್ಮ್ ತುಂಬಬೇಡಿ.

ಅರ್ಜಿಯನ್ನು ವಿಮಾ ಸಂಸ್ಥೆ ತಿರಸ್ಕರಿಸಿದರೆ? ಇಲ್ಲಿಯೇ ಹೊಂಡ ಇರುವುದು. ಗದಗಿನ ಒಬ್ಬ ತಾಯಿ ಅಂದೇ ರಾತ್ರಿ ಕಣ್ಣೀರಿನ ಉದ್ದನೆಯ ಇಮೇಲ್ ಬರೆದು ಉತ್ತರಕ್ಕೆ ಕಾದರು. ಕೊನೆಗೆ ಬಂದ ಪತ್ರದ ಸಾರ ಇಷ್ಟೇ: ಆಕ್ಷೇಪಣೆ ನಿಯಮದಂತಿಲ್ಲ, ಅವಧಿ ಮುಗಿದಿದೆ. ಮತ್ತೆ ಮೊದಲಿನಿಂದ ಅರ್ಜಿ, ಮತ್ತೆ ವೈದ್ಯರ ವರದಿ, ಮತ್ತೆ ಕಾಯುವ ಸಾಲು. ಅಷ್ಟರಲ್ಲಿ ಅವರ ರಜೆಯೂ ಕರಗಿತ್ತು. ಇಲ್ಲಿ ಆಕ್ಷೇಪಣೆಗೆ ವಿಡರ್‌ಶ್ಪ್ರುಖ್ ಎನ್ನುತ್ತಾರೆ. ಅವಧಿ ಒಂದೇ ತಿಂಗಳು. ಪತ್ರದ ಮೇಲಿನ ತಾರೀಖಿನಿಂದಲೇ ಎಣಿಸಿಕೊಂಡರೆ ಕ್ಷೇಮ. ಸಾದಾ ಇಮೇಲ್ ನಡೆಯದು, ಫೋನಿನಲ್ಲಿ ಹೇಳಿದರೂ ನಡೆಯದು. ಕಾಗದದಲ್ಲಿ "ಈ ನಿರ್ಧಾರವನ್ನು ಆಕ್ಷೇಪಿಸುತ್ತೇನೆ, ಕಾರಣಗಳನ್ನು ಮುಂದೆ ಕಳಿಸುತ್ತೇನೆ" ಎಂದು ಜರ್ಮನ್‌ನಲ್ಲಿ ಬರೆದು, ಸಹಿ ಹಾಕಿ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಅಷ್ಟು ಸಾಕು. ಕಾರಣಗಳನ್ನು ವೈದ್ಯರು ನಿಧಾನವಾಗಿ ಬರೆದುಕೊಡಲಿ. ಫೋನಿನಲ್ಲಿ ಗುಮಾಸ್ತ "ಚಿಂತೆ ಬೇಡ" ಎಂದದ್ದನ್ನು ನಂಬಿ ದಿನ ಕಳೆಯಬೇಡಿ. ಬಾಯಿಮಾತಿಗೆ ಈ ದೇಶದಲ್ಲಿ ಕವಡೆ ಬೆಲೆಯಿಲ್ಲ.

ಸಂಬಳದ ವಿಷಯ ಚುಟುಕಾಗಿ: 12 ವರ್ಷ ತುಂಬದ ಮಗುವಿಗೆ ಕಾಯಿಲೆಯಾದಾಗ ಸರ್ಕಾರಿ ವಿಮೆಯ ಒಂಟಿ ಪೋಷಕರಿಗೆ 2025ರ ಲೆಕ್ಕದಲ್ಲಿ ಸಂಬಳವಿಲ್ಲದ ರಜೆಗೆ ವರ್ಷಕ್ಕೆ 30 ದಿನಗಳ ಭತ್ಯೆ ಇದೆ. ಮಗುವಿನೊಂದಿಗೆ ಆಸ್ಪತ್ರೆಯಲ್ಲಿ ಉಳಿದ ದಿನಗಳು 2024ರಿಂದ ಈ ಲೆಕ್ಕಕ್ಕೆ ಸೇರುವುದಿಲ್ಲ. ಕಂತು ಅಗ್ಗವೆಂದು ಖಾಸಗಿ ವಿಮೆಗೆ ಹೋದವರಿಗೆ ಈ ಭತ್ಯೆಯೇ ಇಲ್ಲ.