ಪುರಸಭೆಯಲ್ಲಿ ಕೆಲಸದ ಸುರಕ್ಷತೆ: ಗ್ಲೌಸ್ ಮೂಟೆ ಕಲಿಸಿದ ಪಾಠ

ಆರೋಗ್ಯ ನಿರೀಕ್ಷಕನಾಗಿ ನಾನು ಸೇರಿದ ಮೊದಲ ಪುರಸಭೆಯ ಸ್ಟೋರ್ ರೂಮಿನಲ್ಲಿ ಎರಡು ಮೂಟೆ ಗ್ಲೌಸ್ ಬಿದ್ದಿತ್ತು. ಕವರ್ ಕೂಡ ಬಿಚ್ಚಿರಲಿಲ್ಲ. ಹೊರಗೆ ನಮ್ಮ ಪೌರಕಾರ್ಮಿಕರು ಬರಿಗೈಯಲ್ಲಿ ಕಸ ಎತ್ತುತ್ತಿದ್ದರು. "ಕೊಟ್ರೂ ಹಾಕ್ಕೊಳಲ್ಲ ಸಾರ್ ಇವ್ರು" ಎಂದ ಅವರ ಕೆಲಸ ನೋಡಿಕೊಳ್ಳುವ ದಫೇದಾರ. ನಾನೂ ನಂಬಿದೆ. ಒಂದು ವಾರ ಕಳೆದ ಮೇಲೆ ಸುಮ್ನೆ ಒಂದು ಜೊತೆ ಹಾಕಿಕೊಂಡು ಪೊರಕೆ ಹಿಡಿದು ನೋಡಿದೆ. ದಪ್ಪ ರಬ್ಬರು. ಹತ್ತು ನಿಮಿಷಕ್ಕೆ ಒಳಗೆಲ್ಲ ಬೆವರು, ಪೊರಕೆ ಜಾರತೊಡಗಿತು. ನನ್ನ ಕೈಗೇ ದೊಡ್ಡದಾಗುತ್ತಿದ್ದ ಗ್ಲೌಸದು. ನಮ್ಮಲ್ಲಿ ಗುಡಿಸುವವರು ಹೆಚ್ಚಾಗಿ ಹೆಂಗಸರು. ತಪ್ಪು ಅವರದಲ್ಲ, ಇಂಡೆಂಟ್ (ಖರೀದಿಯ ಬೇಡಿಕೆ ಪಟ್ಟಿ) ಬರೆದವರದು.

ಸಣ್ಣ ಊರಿನ ಸ್ಥಳೀಯ ಸಂಸ್ಥೆಯಲ್ಲಿ ಮುಖ್ಯಾಧಿಕಾರಿಯೋ ಆರೋಗ್ಯ ನಿರೀಕ್ಷಕರೋ ಆಗಿರುವವರು ಈ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬಹುದು ಎಂದು ಇಲ್ಲಿ ಬರೆದಿದ್ದೇನೆ.

1. ಮೊದಲ ವಾರ ಜೊತೆಗೆ ನಡೆಯಿರಿ

ಬೆಳಿಗ್ಗೆ ಹಾಜರಿ ಹಾಕುವ ಹೊತ್ತಿಗೇ ಹೋಗಿ. ದಿನಕ್ಕೊಂದು ವಾರ್ಡು ಸಾಕು. ಕೈಯಲ್ಲಿ ಒಂದು ನೋಟ್‌ಬುಕ್ ಇರಲಿ. ಯಾರು ಗಿಡ್ಡ ಪೊರಕೆ ಹಿಡಿದು ಬಗ್ಗಿಯೇ ಗುಡಿಸುತ್ತಾರೆ? ಹೆದ್ದಾರಿ ಬದಿಯಲ್ಲಿ ವಾಹನಗಳಿಗೆ ಬೆನ್ನು ಮಾಡಿ ಗುಡಿಸುವವರು ಯಾರು? ಟಿಪ್ಪರ್ ಹಿಂದೆ ಜೋತು ಬಿದ್ದು ಹೋಗುವವರಿದ್ದಾರಾ? ಯಾವ ಕ್ಲಿನಿಕ್ಕಿನ ಕಸದಲ್ಲಿ ಸೂಜಿ ಬರುತ್ತದೆ? ತಿಂಡಿ ತಿನ್ನುವ ಮುಂಚೆ ಕೈ ತೊಳೆಯಲು ನಲ್ಲಿ ಎಲ್ಲಿದೆ? ಹೆಂಗಸರು ಮೂತ್ರಕ್ಕೆ ಎಲ್ಲಿ ಹೋಗುತ್ತಾರೆ?

ಕೊನೆಯ ಪ್ರಶ್ನೆಯನ್ನು ನೀವು ನೇರವಾಗಿ ಕೇಳಿದರೆ ಉತ್ತರ ಬರುವುದಿಲ್ಲ. ಮಹಿಳಾ ಸಿಬ್ಬಂದಿಯೊಬ್ಬರನ್ನು ಕಳಿಸಿ. ಹೊತ್ತು ಹುಟ್ಟುವ ಮುಂಚೆ ಮನೆ ಬಿಟ್ಟವರು ಮಧ್ಯಾಹ್ನದವರೆಗೆ ನೀರೇ ಕುಡಿಯದೆ ಇರುತ್ತಾರೆ ಅನ್ನೋದು ಆಗ ಗೊತ್ತಾಗುತ್ತದೆ. ಉರಿಮೂತ್ರದ ತೊಂದರೆ ಶುರುವಾಗುವುದು ಇಲ್ಲಿಂದಲೇ. ಒಂದೊಂದು ವಾರ್ಡಿನಲ್ಲಿ ಒಂದು ಶಾಲೆಯದೋ ಸಮುದಾಯ ಭವನದ್ದೋ ಶೌಚಾಲಯದ ಬೀಗದ ಕೈ ಇವರಿಗೆ ಸಿಗುವಂತೆ ಮಾಡಿ. ಅದಕ್ಕೆ ಖರ್ಚೇನೂ ಇಲ್ಲ.

ಕಚೇರಿಯ ಒಳಗೂ ಒಂದು ಸುತ್ತು ಹೊಡೆಯಿರಿ. ರೆಕಾರ್ಡ್ ರೂಮಿನ ಧೂಳು, ಪಂಪ್‌ಹೌಸಿನಲ್ಲಿ ನೇತಾಡುವ ವೈರು, ಬೀದಿದೀಪ ರಿಪೇರಿ ಮಾಡುವವರ ಹಳೇ ಏಣಿ ಇವೆಲ್ಲವೂ ಪಟ್ಟಿಗೆ ಸೇರಲಿ.

2. ಅಪಾಯವನ್ನೇ ತೆಗೆಯಿರಿ, ಗ್ಲೌಸ್ ಆಮೇಲೆ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಸಾಮಗ್ರಿ ಹಂಚಿ ಫೋಟೊ ತೆಗೆಸಿಕೊಳ್ಳುವುದು ಸುಲಭ. ಆದರೆ ಗ್ಲೌಸ್ ಹಾಕಿದರೂ ಸೂಜಿ ಚುಚ್ಚುತ್ತದೆ. ಕ್ಲಿನಿಕ್ಕಿಗೆ ನೋಟಿಸ್ ಕೊಟ್ಟರೆ ಸೂಜಿ ಬರುವುದೇ ನಿಲ್ಲುತ್ತದೆ. ಗಿಡ್ಡ ಪೊರಕೆಗೆ ಉದ್ದ ಕೋಲು ಕಟ್ಟಿಸಿದರೆ ಸೊಂಟನೋವಿನ ಮಾತ್ರೆ ಕಮ್ಮಿಯಾಗುತ್ತದೆ. ಬೇಸಿಗೆ ಬಂದರೆ ಕಲಬುರಗಿ ಕಡೆ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆಗೆ ತರುತ್ತಾರೆ, ಅಲ್ವಾ? ಫ್ಯಾನಿನ ಕೆಳಗೆ ಕೂರುವವರಿಗೆ ಆ ಅನುಕೂಲ ಇರುವಾಗ, ಬಿಸಿಲಲ್ಲಿ ನಿಲ್ಲುವವರ ಎರಡನೇ ಪಾಳಿಯನ್ನು ಸಂಜೆಗೆ ತಳ್ಳಲು ಏನಡ್ಡಿ?

ಇನ್ನು ಮ್ಯಾನ್‌ಹೋಲು ಮತ್ತು ಶೌಚಾಲಯದ ಪಿಟ್‌ಗುಂಡಿ. ಇದರಲ್ಲಿ ರಾಜಿ ಬೇಡ. ತಲೆ ಮೇಲೆ ಮಲ ಹೊರುವ ಪದ್ಧತಿಗೆ ಕರ್ನಾಟಕ 1970ರ ದಶಕದಲ್ಲೇ, ಬಿ. ಬಸವಲಿಂಗಪ್ಪ ಮಂತ್ರಿಯಾಗಿದ್ದಾಗ ತಡೆ ಹಾಕಿತು. 2013ರ ಕೇಂದ್ರ ಕಾಯ್ದೆಯ ಪ್ರಕಾರ, ಸುರಕ್ಷತೆಯ ಸಾಮಗ್ರಿ ಇಲ್ಲದೆ ಒಬ್ಬರನ್ನು ಒಳಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಇಳಿಸುವುದು ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಒಳಚರಂಡಿ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ.

ಕಾಯ್ದೆ ಪಕ್ಕಕ್ಕಿರಲಿ, ಗುಂಡಿಯೊಳಗೆ ಏನಾಗುತ್ತದೆ ಅನ್ನೋದು ಗೊತ್ತಿರಬೇಕು. ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡಿನದು. ಆ ಗಾಳಿ ಜಾಸ್ತಿಯಾದರೆ ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ. "ವಾಸ್ನೆ ಹೋಯ್ತು, ಇಳೀಬಹುದು" ಎಂದುಕೊಳ್ಳುವ ಹೊತ್ತೇ ಅತಿ ಅಪಾಯದ್ದು. ಒಬ್ಬರು ಕುಸಿದರೆ ಎಳೆಯಲು ಇನ್ನೊಬ್ಬರು ಇಳಿಯುತ್ತಾರೆ, ಅವರನ್ನು ಎಳೆಯಲು ಮತ್ತೊಬ್ಬರು. ಒಂದೇ ಗುಂಡಿಯಲ್ಲಿ ಎರಡು ಮೂರು ಹೆಣ ಬೀಳುವುದು ಹೀಗೆ. ಆದ್ದರಿಂದ ಎಲ್ಲರಿಗೂ ಎರಡು ಮಾತು ಬಾಯಿಪಾಠವಾಗಲಿ: ಯಾರೂ ಇಳಿಯಬಾರದು, ಯಾರಾದರೂ ಬಿದ್ದರೆ ಹಿಂದೆ ಹಾರದೆ ಅಗ್ನಿಶಾಮಕದ 101ಕ್ಕೋ 112ಕ್ಕೋ ಫೋನ್ ಮಾಡಬೇಕು.

ನಿಮ್ಮಲ್ಲಿ ಜೆಟ್ಟಿಂಗ್, ಸಕ್ಕಿಂಗ್ ಯಂತ್ರ (ನೀರು ರಭಸದಿಂದ ಬಿಟ್ಟು ಕಟ್ಟಿದ್ದನ್ನು ಬಿಡಿಸುವ, ಕೊಳಚೆ ಹೀರುವ ಯಂತ್ರ) ಇಲ್ಲದಿದ್ದರೆ ಪಕ್ಕದ ನಗರಸಭೆಯ ಜೊತೆ ಮೊದಲೇ ಪತ್ರ ಬರೆದು ಒಪ್ಪಂದ ಮಾಡಿಕೊಳ್ಳಿ. ಹಬ್ಬದ ಹಿಂದಿನ ದಿನ ಚರಂಡಿ ಕಟ್ಟಿಕೊಂಡಾಗ ಯಂತ್ರ ಹುಡುಕಲು ಹೋದರೆ ಸಿಗುವುದಿಲ್ಲ. ಭಾನುವಾರ ಮನೆ ಮಾಲೀಕರು ಐನೂರು ರೂಪಾಯಿ, ಒಂದು ಕ್ವಾರ್ಟರ್ ತೋರಿಸಿ ಪಿಟ್ಟಿಗೆ ಕರೆಯುವುದೂ ಉಂಟು. ಅದೂ ಅದೇ ಕಾಯ್ದೆಗೆ ಬರುತ್ತದೆ ಎಂದು ಕಸದ ಆಟೋದ ಮೈಕಿನಲ್ಲಿ ದಿನಾ ಹೇಳಿಸಿ.

3. ಇಂಡೆಂಟ್ ಬರೆಯುವ ಮುಂಚೆ ಕೈ ಅಳೆಯಿರಿ

ಸ್ಯಾಂಪಲ್ ಬಂದಾಗ ಮೂರು ನಾಲ್ಕು ಜನರಿಗೆ ಕೊಟ್ಟು ಒಂದು ವಾರ ಬಳಸಲು ಬಿಡಿ. ಅವರು ಸರಿ ಅಂದರೆ ಮಾತ್ರ ಖರೀದಿ. ಗುಡಿಸುವವರಿಗೆ ಹಗುರ ಹೆಣಿಗೆಯ ಗ್ಲೌಸ್, ಚರಂಡಿ ಎತ್ತುವವರಿಗೆ ಮೊಣಕೈವರೆಗಿನ ರಬ್ಬರಿನದು. ಗಮ್‌ಬೂಟು ಚರಂಡಿಗೆ ಸರಿ. ಅದನ್ನು ಹಾಕಿಕೊಂಡು ನಾಲ್ಕು ಕಿಲೋಮೀಟರ್ ಗುಡಿಸಲು ಆಗುವುದಿಲ್ಲ, ಅವರಿಗೆ ಬೆರಳು ಮುಚ್ಚುವ ಶೂ ಕೊಡಿ. ಮಿನುಗುವ ಜಾಕೆಟ್ ಸೀರೆಯ ಮೇಲೆ ಕೂರುತ್ತದಾ ನೋಡಿ. ರೇನ್‌ಕೋಟ್ ಮೇ ತಿಂಗಳಲ್ಲೇ ಕೈ ಸೇರಬೇಕು. "ವರ್ಷಕ್ಕೆ ಇಷ್ಟು ಜೊತೆ" ಅನ್ನುವ ಲೆಕ್ಕ ಬಿಟ್ಟು ಹರಿದದ್ದು ತಂದವರಿಗೆ ಅವತ್ತೇ ಹೊಸದು ಕೊಡಿ.

4. ಆರೋಗ್ಯ ತಪಾಸಣೆ ಒಂದು ದಿನದ ಶಿಬಿರವಲ್ಲ

ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನಾಚರಣೆಗೆ ಹಾರ, ಸಿಹಿ ಇರಲಿ. ಅದೇ ದಿನ ಬಿಪಿ, ಶುಗರ್ ನೋಡಿ ಚೀಟಿ ಕೊಟ್ಟು ಕಳಿಸಿದರೆ ಮುಗಿಯಲಿಲ್ಲ. ಒಬ್ಬೊಬ್ಬರಿಗೂ ಒಂದು ಕಾರ್ಡು ಮಾಡಿ. ಹೆಪಟೈಟಿಸ್ ಬಿ ಲಸಿಕೆ ಮೂರು ಸಲ ಬೇಕು: ಮೊದಲನೆಯದು, ಒಂದು ತಿಂಗಳ ಮೇಲೆ, ಆರನೇ ತಿಂಗಳಿಗೆ. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ನೆನಪಿಸುವ ಕೆಲಸ ಕಚೇರಿಯದು. ಮಳೆಗಾಲದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಬಂದರೆ ಇಲಿಜ್ವರ ಇರಬಹುದು, ಚರಂಡಿ ಕೆಲಸ ಮಾಡುತ್ತೇನೆ ಎಂದು ಡಾಕ್ಟರಿಗೆ ಹೇಳಬೇಕು. ತಪಾಸಣೆಗೆ ಹೋದ ದಿನದ ಸಂಬಳ ಕತ್ತರಿಸಬೇಡಿ. ಕತ್ತರಿಸಿದರೆ ಮುಂದಿನ ಸಲ ಯಾರೂ ಬರುವುದಿಲ್ಲ.

ಸೂಜಿ ಚುಚ್ಚಿದರೆ ಹಿಂಡಬಾರದು, ಬಾಯಿಂದ ಚೀಪಬಾರದು. ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆದು, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಎಚ್‌ಐವಿ ತಡೆಯುವ ಮಾತ್ರೆಯನ್ನು ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಶುರು ಮಾಡಬೇಕು. 28 ದಿನ ಬಿಡದೆ ನುಂಗಬೇಕು.

5. ಒಂದು ರಿಜಿಸ್ಟರ್ ಇಡಿ

ಸುರಕ್ಷತೆ ನೋಡಿಕೊಳ್ಳಲು ಒಂದು ಸಮಿತಿ ಮಾಡಿ, ಆದರೆ ಅರ್ಧದಷ್ಟಾದರೂ ಕಾರ್ಮಿಕರೇ ಇರಲಿ. ಗುತ್ತಿಗೆ ಡ್ರೈವರುಗಳನ್ನೂ ಸೇರಿಸಿ. ರಿಜಿಸ್ಟರಿನಲ್ಲಿ ಪೆಟ್ಟಾದದ್ದು ಮಾತ್ರವಲ್ಲ, ಸ್ವಲ್ಪದರಲ್ಲಿ ತಪ್ಪಿದ್ದನ್ನೂ ಬರೆಯಬೇಕು. ಬರೆಯಲು ಬಾರದವರು ಹೇಳಿದ್ದನ್ನು ದಫೇದಾರ ಬರೆದುಕೊಳ್ಳಲಿ. "ಯಾಕೆ ನೋಡ್ಕೊಂಡು ನಡೀಲಿಲ್ಲ" ಎಂದು ಒಬ್ಬರನ್ನು ಗದರಿದರೆ ಸಾಕು, ಆ ಪುಸ್ತಕ ಖಾಲಿಯೇ ಉಳಿಯುತ್ತದೆ.

ನಮ್ಮಲ್ಲಿ ಮೊದಲ ಇಪ್ಪತ್ತು ದಿನ ಒಂದು ಅಕ್ಷರವೂ ಬೀಳಲಿಲ್ಲ. ಇಪ್ಪತ್ತೊಂದನೇ ದಿನ ಹಿರಿಯ ಅಮ್ಮನೊಬ್ಬರು ಬಂದು, "ಸಂತೆ ಬೀದಿ ಟ್ರಾನ್ಸ್‌ಫಾರ್ಮರ್ ಪಕ್ಕದ ಚಪ್ಪಡಿ ಅಲ್ಲಾಡ್ತದೆ, ಬರ್ಕೊಳ್ಳಪ್ಪ" ಎಂದರು. ಸಂಜೆಯೊಳಗೆ ಚಪ್ಪಡಿ ಬದಲಾಯಿಸಿದೆವು. ಮಾರನೇ ದಿನ ಬೆಳಿಗ್ಗೆ ಹಾಜರಿ ಹಾಕುವಾಗ ಹೇಳಲು ನಾಲ್ಕು ಜನ ಸಾಲಲ್ಲಿ ನಿಂತಿದ್ದರು.