ಅರ್ಧಕ್ಕೆ ನಿಂತ ಉಬುಂಟು ಅಪ್‌ಗ್ರೇಡ್, ಫಾರ್ಮ್ಯಾಟ್ ಮಾಡದೇ ಮುಗಿಸಿದ್ದು ಹೀಗೆ

ಮನೆಯ ಡೆಸ್ಕ್‌ಟಾಪಿನ ಆಪರೇಟಿಂಗ್ ಸಿಸ್ಟಮ್ ಉಬುಂಟುವನ್ನು 22.04 ಆವೃತ್ತಿಯಿಂದ 24.04ಕ್ಕೆ ಏರಿಸುತ್ತಿದ್ದೆ. ಡೌನ್‌ಲೋಡ್ ಮುಗಿದು, ಇನ್‌ಸ್ಟಾಲ್ ಅರ್ಧ ದಾಟಿದಾಗ ಕರೆಂಟ್ ಹೋಯ್ತು. ಯುಪಿಎಸ್ ಸ್ವಲ್ಪ ಹೊತ್ತು ಕೀಂ ಕೀಂ ಎಂದು ಅದೂ ಕೈಕೊಟ್ಟಿತು. ಕರೆಂಟ್ ಬಂದ ಮೇಲೆ ಆನ್ ಮಾಡಿದರೆ ಕಪ್ಪು ಪರದೆ ತುಂಬ ಅಕ್ಷರ, ಕೊನೆಗೆ ‘ಕರ್ನಲ್ ಪ್ಯಾನಿಕ್’, ಅಂದರೆ ಸಿಸ್ಟಮಿನ ತಿರುಳಾದ ಕರ್ನಲ್ ಮುಂದೆ ಹೋಗಲಾರದೆ ನಿಂತುಬಿಟ್ಟಿತ್ತು. ರೂಟ್ ಡಿಸ್ಕ್ (ಸಿಸ್ಟಮ್ ಇರುವ ಡಿಸ್ಕ್) ಸಿಗುತ್ತಿಲ್ಲ ಅನ್ನೋದು ಅದರ ದೂರು.

ಅಕ್ಕನ ಮಗ ಫೋನಿನಲ್ಲೇ ತೀರ್ಪು ಕೊಟ್ಟ: “ಫಾರ್ಮ್ಯಾಟ್ ಮಾಡ್ಬಿಡಿ ಮಾಮ, ಅರ್ಧ ಗಂಟೆ ಕೆಲಸ.” ಫಾರ್ಮ್ಯಾಟ್ ಅರ್ಧ ಗಂಟೆಯೇ, ಒಪ್ಪಿದೆ. ಆಮೇಲೆ ಪ್ರಿಂಟರು, ಕನ್ನಡ ಟೈಪಿಂಗು, ವರ್ಷಗಳಿಂದ ಒಂದೊಂದಾಗಿ ಸರಿ ಮಾಡಿಕೊಂಡ ಸೆಟ್ಟಿಂಗುಗಳು, ಅದನ್ನೆಲ್ಲ ಮತ್ತೆ ಕೂರಿಸೋರು ಯಾರು? ಅದೂ ಅಲ್ಲದೆ ಉಬುಂಟುವಿನಲ್ಲಿ ಡಿಪಿಕೆಜಿ ಅನ್ನೋ ಒಂದು ಗುಮಾಸ್ತ ಇದೆ. ಯಾವ ಪ್ಯಾಕೇಜ್ (ಸಾಫ್ಟ್‌ವೇರಿನ ಕಟ್ಟು) ಬಿಚ್ಚಿ ಆಗಿದೆ, ಯಾವುದು ಅರ್ಧ ಕೂತಿದೆ, ಎಲ್ಲವನ್ನೂ ಬರೆದಿಡುತ್ತದೆ. ಲೆಕ್ಕದ ಪುಸ್ತಕ ಇರುವಾಗ ಅಂಗಡಿಯನ್ನೇ ಕೆಡವೋದು ಯಾಕೆ?

ಮೊದಲು ಫೋಟೋಗಳನ್ನು ಉಳಿಸಿಕೊಂಡೆ. ಇನ್ನೊಂದು ಲ್ಯಾಪ್‌ಟಾಪಿನಲ್ಲಿ ಉಬುಂಟು ಪೆನ್‌ಡ್ರೈವ್ ಮಾಡಿ, ಇನ್‌ಸ್ಟಾಲ್ ಮಾಡದೆ ಸುಮ್ನೆ ‘ಟ್ರೈ’ ಆಯ್ಕೆಯಲ್ಲಿ ಬೂಟ್ ಮಾಡಿ, ಹೋಮ್ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ಕಾಪಿ ಹಾಕಿದೆ. ಅಲ್ಲಿಂದಲೇ, ಡಿಸ್ಕ್ ಮೌಂಟ್ ಆಗಿರದಂತೆ (ಬಳಕೆಗೆ ತೆರೆದಿರದಂತೆ) ನೋಡಿಕೊಂಡು, ಡಿಸ್ಕಿನ ತಪ್ಪು ಹುಡುಕಿ ತಿದ್ದೋ ‘ಎಫ್‌ಎಸ್‌ಸಿಕೆ’ ಓಡಿಸಿದೆ. ಸಣ್ಣಪುಟ್ಟ ತಪ್ಪು ತಿದ್ದಿತು. ಇಷ್ಟಾದ ಮೇಲೆ ಏನೇ ಕೆಟ್ಟರೂ ಚಿಂತೆ ಇಲ್ಲ ಅಂತ ಧೈರ್ಯ ಬಂತು.

ಆಮೇಲೆ ಪೆನ್‌ಡ್ರೈವ್ ತೆಗೆದು, ಬೂಟ್ ಆಗುವಾಗ ಎಸ್ಕೇಪ್ ಒತ್ತಿ, ಯಾವ ಕರ್ನಲ್‌ನಿಂದ ಶುರು ಮಾಡಬೇಕು ಅಂತ ಆರಿಸೋ ಗ್ರಬ್ ಮೆನು ತಂದೆ. (ಒಮ್ಮೆ ಒತ್ತಿದರೆ ಸಾಕು. ಗಾಬರಿಯಲ್ಲಿ ಕುಟ್ಟಿದರೆ ಮೆನು ಬದಲು ಬರೀ ‘ಗ್ರಬ್>’ ಅನ್ನೋ ಪ್ರಾಂಪ್ಟ್ ಬರುತ್ತದೆ.) ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಒಳಗೆ ಹೊಸ ಕರ್ನಲ್ ಮೇಲಿತ್ತು, ಹಳೆಯದು ಕೆಳಗೆ. ಹಳೆಯದರ ರಿಕವರಿ ಮೋಡ್ ಹಿಡಿದು, ‘ರೂಟ್’ ಆಯ್ಕೆಯಿಂದ ಟರ್ಮಿನಲ್‌ಗೆ ಹೋದೆ. ಬೂಟ್ ಫೋಲ್ಡರ್ ನೋಡಿದರೆ ಪ್ಯಾನಿಕ್ ಯಾಕೆ ಅಂತ ಗೊತ್ತಾಯಿತು. ಹೊಸ ಕರ್ನಲ್ ಫೈಲ್ ಇತ್ತು, ಅದರ ಜೋಡಿ ‘ಇನಿಟ್‌ಆರ್‌ಡಿ’ ಇರಲಿಲ್ಲ. ಡಿಸ್ಕನ್ನು ಗುರುತಿಸಲು ಬೇಕಾದ ಡ್ರೈವರುಗಳು ಇರೋದು ಅದರೊಳಗೆ. ಅದನ್ನು ತಯಾರಿಸೋ ಹಂತಕ್ಕೆ ಮುಂಚೆಯೇ ಕರೆಂಟ್ ಹೋಗಿತ್ತು, ಅಷ್ಟೇ.

ರಿಕವರಿಯಲ್ಲಿ ರೂಟ್ ಡಿಸ್ಕ್ ಬರೀ ಓದೋಕೆ ಮಾತ್ರ ಸಿಗಬಹುದು. ‘ಮೌಂಟ್ -ಒ ರಿಮೌಂಟ್,ಆರ್‌ಡಬ್ಲ್ಯೂ /’ ಕೊಟ್ಟು ಬರೆಯುವ ಹಾಗೆ ಮಾಡಿಕೊಂಡೆ. ಆಮೇಲೆ ಅರ್ಧ ಕೂತ ಪ್ಯಾಕೇಜುಗಳನ್ನೆಲ್ಲ ಪೂರ್ತಿ ಕೂರಿಸೋ ‘ಡಿಪಿಕೆಜಿ --ಕಾನ್ಫಿಗರ್ -ಎ’ ಕೊಟ್ಟೆ.

ಇಲ್ಲೇ ಅದು ಜಗ್ಗಲಿಲ್ಲ. ಒಂದು ಪ್ಯಾಕೇಜಿನ ಫೈಲ್ ಪಟ್ಟಿಯ ಕೊನೆಯ ಸಾಲು ಪೂರ್ತಿ ಇಲ್ಲ, ಮುಂದೆ ಹೋಗಲ್ಲ ಅಂತ ಹಟ ಹಿಡಿಯಿತು. ಪ್ರತಿ ಪ್ಯಾಕೇಜಿಗೂ ‘/ವಾರ್/ಲಿಬ್/ಡಿಪಿಕೆಜಿ/ಇನ್ಫೊ’ ಒಳಗೆ ಒಂದು ‘.ಲಿಸ್ಟ್’ ಫೈಲ್ ಇರುತ್ತದೆ, ಯಾವ ಫೈಲ್ ಎಲ್ಲಿ ಇಟ್ಟಿದ್ದೇನೆ ಅನ್ನೋ ಪಟ್ಟಿ. ತೆರೆದು ನೋಡಿದರೆ ಒಂದು ಸಾಲು ಪದದ ನಡುವೆಯೇ ಕತ್ತರಿಸಿತ್ತು. ಡಿಸ್ಕಿಗೆ ಬರೆಯುತ್ತಿರುವಾಗಲೇ ಕರೆಂಟ್ ಹೋದ ಗುರುತು. ಆ ಒಂದು ಫೈಲನ್ನು ಅಳಿಸದೆ ಬೇರೆ ಫೋಲ್ಡರಿಗೆ ಸರಿಸಿ, ಅದೇ ಪ್ಯಾಕೇಜನ್ನು ‘/ವಾರ್/ಕ್ಯಾಶ್/ಎಪಿಟಿ/ಆರ್ಕೈವ್ಸ್’ ಒಳಗಿದ್ದ ಡೆಬ್ ಫೈಲಿನಿಂದ (ಡೌನ್‌ಲೋಡ್ ಆದ ಪ್ಯಾಕೇಜಿನ ಫೈಲ್) ‘ಡಿಪಿಕೆಜಿ -ಐ’ ಮಾಡಿ ಮತ್ತೆ ಹಾಕಿದೆ. ಡೌನ್‌ಲೋಡ್ ಆದದ್ದೆಲ್ಲ ಅಲ್ಲೇ ಇದ್ದದ್ದರಿಂದ ಇಂಟರ್‌ನೆಟ್ ಬೇಕಾಗಲಿಲ್ಲ. ಈ ಫೋಲ್ಡರನ್ನು ಜಾಗ ಉಳಿಸೋಕೆ ಅಂತ ಈ ಹೊತ್ತಲ್ಲಿ ಖಾಲಿ ಮಾಡಬೇಡಿ.

ಮತ್ತೆ ಕಾನ್ಫಿಗರ್ ಕೊಟ್ಟೆ. ಈ ಸಲ ಗಡಗಡ ಓಡಿತು. ಅದು ನಿಂತಲ್ಲಿ, ಪ್ಯಾಕೇಜುಗಳನ್ನು ತಂದು ಹೊಂದಿಸೋ ಎಪಿಟಿಗೆ ಕೆಲಸ ಕೊಟ್ಟೆ: ಮುರಿದ ಜೋಡಣೆ ಸರಿ ಮಾಡೋಕೆ ‘ಎಪಿಟಿ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’, ಆಮೇಲೆ ಉಳಿದ ಅಪ್‌ಗ್ರೇಡ್ ಮುಗಿಸೋಕೆ ‘ಎಪಿಟಿ ಫುಲ್-ಅಪ್‌ಗ್ರೇಡ್’. ಏನನ್ನೆಲ್ಲ ತೆಗೆದು ಹಾಕುತ್ತೇನೆ ಅಂತ ಅದು ತೋರಿಸೋ ಪಟ್ಟಿಯನ್ನು ಓದದೆ ಎಸ್ ಅನ್ನಬಾರದು. ನನ್ನ ಪಟ್ಟಿ ಉದ್ದ ಇತ್ತು, ಆದರೆ ಜಾಸ್ತಿ ಎಲ್ಲ ಲೈಬ್ರರಿಗಳೇ (ಬೇರೆ ಬೇರೆ ಪ್ರೋಗ್ರಾಮ್‌ಗಳು ಹಂಚಿಕೊಂಡು ಬಳಸೋ ಕೋಡ್), ಒಂದು ಹೋಗಿ ಅದರದ್ದೇ ಹೆಸರಿಗೆ ‘ಟಿ64’ ಬಾಲ ಸೇರಿದ್ದು ಬರುತ್ತಿತ್ತು. 32 ಬಿಟ್ ಕಂಪ್ಯೂಟರುಗಳಲ್ಲಿ ಸಮಯದ ಸೆಕೆಂಡು ಎಣಿಸಿಡೋ ಜಾಗ 2038ರ ಜನವರಿ 19ಕ್ಕೆ ತುಂಬಿ ಹೋಗುತ್ತದೆ, ಅದಕ್ಕಾಗಿ 24.04ರಲ್ಲಿ ಮಾಡಿದ ಬದಲಾವಣೆ ಇದು. ನಮ್ಮ 64 ಬಿಟ್ ಯಂತ್ರಕ್ಕೆ ಅದರಿಂದ ಹೆಚ್ಚೇನೂ ಇಲ್ಲ, ಹೆಸರು ಮಾತ್ರ ಬದಲು. ಆದರೆ ಅರ್ಧ ಹಳೇ ಹೆಸರು, ಅರ್ಧ ಹೊಸ ಹೆಸರು ಬೆರೆತ ಸಿಸ್ಟಮನ್ನು ಹಿಂದಕ್ಕೆ 22.04ಕ್ಕೆ ತರೋದು ಆಗದ ಮಾತು. ಮುಂದಕ್ಕೆ ತಳ್ಳಿ ಮುಗಿಸೋದೇ ದಾರಿ.

ಕೊನೆಗೆ ಇನಿಟ್‌ಆರ್‌ಡಿ ತಯಾರಿಸೋಕೆ ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಸಿ -ಕೆ ಆಲ್’ ಮತ್ತು ಗ್ರಬ್ ಮೆನು ಹೊಸದಾಗಿ ಬರೆಯೋಕೆ ‘ಅಪ್‌ಡೇಟ್-ಗ್ರಬ್’. ಬೂಟ್ ಫೋಲ್ಡರಿನಲ್ಲಿ ಈಗ ಜೋಡಿ ಫೈಲ್ ಎರಡೂ ಇದ್ದವು. ರೀಸ್ಟಾರ್ಟ್ ಮಾಡಿದೆ, ಲಾಗಿನ್ ಪರದೆ ಬಂತು. ಅರ್ಧ ಉಳಿದ ಪ್ಯಾಕೇಜ್ ಇದೆಯಾ ಅಂತ ನೋಡೋ ‘ಡಿಪಿಕೆಜಿ --ಆಡಿಟ್’ ಏನೂ ಹೇಳಲಿಲ್ಲ. ಅದು ಏನೂ ಹೇಳದಿದ್ದರೆ ಎಲ್ಲ ಸರಿ ಅಂತ ಅರ್ಥ.

ಕನ್ನಡ ಟೈಪಿಂಗ್ ಮೊದಲಿನ ಹಾಗೇ ಇತ್ತು. ಹೊರಗಿನ ಸಾಫ್ಟ್‌ವೇರ್ ಮೂಲಗಳನ್ನು, ಅಂದರೆ ಪಿಪಿಎ ಥರದವನ್ನು, ಅಪ್‌ಗ್ರೇಡ್ ತಾನಾಗಿ ಬಂದ್ ಮಾಡಿಟ್ಟಿರುತ್ತದೆ. ಅವುಗಳಲ್ಲಿ 24.04ಕ್ಕೆ ಹೊಂದೋ ಆವೃತ್ತಿ ಬಂದಿದೆಯಾ ಅಂತ ನೋಡಿ ಒಂದೊಂದಾಗಿ ಚಾಲೂ ಮಾಡಿದೆ. ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದ್ದೂ ಆಯ್ತು.