ಬ್ಯಾಂಡ್ ಬಿಟ್ಟು ಒಬ್ಬರೇ ಹಾಡಲು ಹೊರಟಿದ್ದೀರಾ? ಮೊದಲು ಕಾಗದ, ಆಮೇಲೆ ಗಂಟಲು

ಒಂಬತ್ತು ವರ್ಷ ಒಂದು ರಾಕ್ ಬ್ಯಾಂಡ್‌ನಲ್ಲಿ ಮುಖ್ಯ ಗಾಯಕನಾಗಿದ್ದೆ. ಈಗ ನನ್ನ ಹೆಸರಲ್ಲೇ ಹಾಡುತ್ತೇನೆ. ಇದೇ ದಾರಿ ಹಿಡಿಯೋಕೆ ಹೊರಟವರು ನನ್ನನ್ನು ಕೇಳೋದು ಮೊದಲ ಆಲ್ಬಂ ಹೇಗೆ ಮಾಡಬೇಕು ಅಂತ. ನಾನು ಕೇಳೋದು, ನಿಮ್ಮ ಹತ್ತಿರ ಕಾಗದ ಏನಿದೆ ಅಂತ.

ಯಾವ ಹಾಡು ಯಾರು ಬರೆದದ್ದು, ಯಾರಿಗೆ ಎಷ್ಟು ಪಾಲು ಅನ್ನೋದನ್ನು ನೀವೆಲ್ಲ ಇನ್ನೂ ನಗುನಗುತ್ತಾ ಮಾತಾಡುತ್ತಿರುವಾಗಲೇ ಬರೆದು ಸಹಿ ಹಾಕಿಸಿಕೊಳ್ಳಿ. ಹಾಡಿನ ಹಕ್ಕು ಬೇರೆ, ಅದರ ರೆಕಾರ್ಡಿಂಗ್ ಮೇಲಿನ ಹಕ್ಕು ಬೇರೆ. ಹಾಡು ನೀವೇ ಕಟ್ಟಿದ್ದರೂ ರೆಕಾರ್ಡಿಂಗ್ ಇನ್ಯಾರದ್ದೋ ಆಗಿರಬಹುದು. ಬ್ಯಾಂಡ್‌ನ ಹೆಸರು ಯಾರ ಬಳಿ ಉಳಿಯುತ್ತೆ ಅನ್ನೋದನ್ನೂ ಅದೇ ಕಾಗದದಲ್ಲಿ ಸೇರಿಸಿ. ನಮ್ಮದೆಲ್ಲ ಬಾಯಿಮಾತಲ್ಲೇ ನಡೆದಿತ್ತು. ಕೊನೆಗೆ ಒಂದು ಹಾಡಿನ ಎರಡು ಸಾಲಿಗಾಗಿ ನಾನೂ ನಮ್ಮ ಬೇಸ್ ಗಿಟಾರ್ (ತಗ್ಗು ಸ್ವರದ ಗಿಟಾರ್) ನುಡಿಸುವವನೂ ಮೂರು ತಿಂಗಳು ಮಾತು ಬಿಟ್ಟೆವು. ಸಾಲು ಅವನದ್ದೇ. ಆಗ ಒಪ್ಪಿಕೊಳ್ಳಲಿಲ್ಲ, ಅಷ್ಟೇ.

ನಮ್ಮದು ಎರಡು ಸಾಲಿನ ಜಗಳ. ಜಾನ್ ಫಾಗರ್ಟಿ ಅವರದ್ದು ಕೋರ್ಟಿಗೇ ಹೋಯಿತು. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಬ್ಯಾಂಡ್‌ನ ಗಾಯಕ ಅವರು, ಹೆಚ್ಚಿನ ಹಾಡು ಬರೆದವರೂ ಅವರೇ. ಹಕ್ಕು ಮಾತ್ರ ರೆಕಾರ್ಡ್ ಕಂಪನಿಯ ಕೈಯಲ್ಲಿತ್ತು. 1985ರಲ್ಲಿ ಅವರ ಸೋಲೋ ಆಲ್ಬಂ ಬಂದಾಗ, ಅದರ ಒಂದು ಹಾಡು 1970ರ ಬ್ಯಾಂಡ್ ಹಾಡಿನ ನಕಲು ಅಂತ ಕಂಪನಿ ದಾವೆ ಹೂಡಿತು. ತನ್ನ ಹಾಡನ್ನು ತಾನೇ ಕದ್ದ ಅನ್ನೋ ಆರೋಪ! 1988ರಲ್ಲಿ ಅವರು ಕಟಕಟೆಯಲ್ಲಿ ಗಿಟಾರ್ ಹಿಡಿದು ನುಡಿಸಿ ತೋರಿಸಿ ಗೆದ್ದರು. ವಕೀಲರ ಖರ್ಚು ಯಾರು ಕೊಡಬೇಕು ಅನ್ನೋ ತಕರಾರು ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಏರಿ 1994ರಲ್ಲಿ ತೀರ್ಪು ಬಂತು.

ಇನ್ನು ಗಂಟಲು. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರೋಣ.

ನಮ್ಮ ಬ್ಯಾಂಡ್‌ನ ಅರ್ಧಕ್ಕರ್ಧ ಹಾಡು ಇ (E) ಸ್ಕೇಲಿನಲ್ಲಿ, ಅಂದರೆ ಇ ಅನ್ನೋ ಸ್ವರವನ್ನೇ ಆಧಾರ ಶ್ರುತಿ ಮಾಡಿಕೊಂಡು ಇದ್ದವು. ಅದು ನನ್ನ ದನಿ ನೋಡಿ ಇಟ್ಟದ್ದಲ್ಲ. ಗಿಟಾರಿನ ದಪ್ಪ ತಂತಿಯನ್ನು ಬೆರಳು ಒತ್ತದೆ ಮೀಟಿದರೆ ಬರೋದು ಇ. ಕೈಗೆ ಸುಲಭ, ಸದ್ದೂ ಭರ್ಜರಿ. ಎರಡು ಗಿಟಾರಿನ ಆ ಸದ್ದಿನ ಮೇಲೆ ಹತ್ತಿ ನಾನು ಕೂಗುತ್ತಿದ್ದೆ. ಅದೇ ನನ್ನ ದನಿ ಅಂದುಕೊಂಡಿದ್ದೆ.

ಬ್ಯಾಂಡ್ ಬಿಟ್ಟ ಮೇಲೆ ಒಂದು ಸಂಜೆ ಫೋನ್ ಎದುರಿಗಿಟ್ಟು, ಒಂದೇ ಗಿಟಾರ್ ಹಿಡಿದು, ಒಂದು ಹಳೇ ಹಾಡನ್ನು ಇಯಿಂದ (E) ಸಿವರೆಗೆ (C) ಒಂದೊಂದೇ ಅರ್ಧ ಸ್ವರ ಇಳಿಸುತ್ತಾ ಐದು ಸಲ ಹಾಡಿದೆ. ಮಾರನೇ ದಿನ ಕೇಳಿದೆ. ಪಲ್ಲವಿಯ ಕೊನೆಯ ಪದದಲ್ಲಿ ಒಂದು 'ಳ' ಇದೆ. ಇ ಸ್ಕೇಲಿನಲ್ಲಿ ಆ 'ಳ' ಇಲ್ಲವೇ ಇಲ್ಲ, ಸುಮ್ನೆ ಉದ್ದಕ್ಕೆ 'ಆ' ಅಂತ ಕಿರುಚಿದ್ದೆ. ಡಿಗೆ (D) ಇಳಿದಾಗ ನಾಲಿಗೆ ನೀಟಾಗಿ ಮಡಚಿಕೊಂಡು 'ಳ' ಬಂತು. ಸಿಗೆ ಹೋದರೆ ಚರಣದ ಕೆಳಗಿನ ಸ್ವರ ಗೊರಗೊರ ಅನ್ನುತ್ತಿತ್ತು. ಹಾಗಾಗಿ ಆ ಹಾಡಿಗೆ ಡಿ. ನಿಮ್ಮ ಪ್ರತಿ ಹಾಡಿಗೂ ಹೀಗೇ ಮಾಡಿ. ಹಾಡಿದ ದಿನವೇ ಕೇಳಬೇಡಿ, ಕಿವಿಗೆ ಇನ್ನೂ ಅಭಿಮಾನ ಇರುತ್ತೆ.

ಜೊತೆಗಾರರನ್ನು ಹುಡುಕುವಾಗ ಹಳೇ ಬ್ಯಾಂಡ್‌ನ ಜೆರಾಕ್ಸ್ ಕಟ್ಟಬೇಡಿ. ದಿ ಪೊಲೀಸ್ ಅನ್ನೋ ಬ್ಯಾಂಡ್‌ನಲ್ಲಿ ಹಾಡುತ್ತಾ ಬೇಸ್ ನುಡಿಸುತ್ತಿದ್ದ ಸ್ಟಿಂಗ್ 1985ರ ತಮ್ಮ ಮೊದಲ ಸೋಲೋ ಆಲ್ಬಂಗೆ ಬ್ರಾನ್‌ಫರ್ಡ್ ಮಾರ್ಸಾಲಿಸ್, ಕೆನ್ನಿ ಕರ್ಕ್‌ಲ್ಯಾಂಡ್ ಥರದ ಜಾಝ್ ವಾದಕರನ್ನು ಕರೆಸಿಕೊಂಡರು. ಬೇಸ್ ಇನ್ನೊಬ್ಬರ ಕೈಗೆ ಕೊಟ್ಟು ತಾವು ಗಿಟಾರ್ ಹಿಡಿದರು. ಗಾಯಕ ಪೀಟರ್ ಗೇಬ್ರಿಯಲ್ ಜೆನೆಸಿಸ್ ಬ್ಯಾಂಡ್ ಬಿಟ್ಟದ್ದು 1975ರಲ್ಲಿ. 1980ರ ಮೂರನೇ ಆಲ್ಬಂಗೆ ಅವರು ಡ್ರಮ್ಮರ್‌ಗಳಿಗೆ ಸಿಂಬಲ್ (ಡ್ರಮ್ ಸೆಟ್ಟಿನ ಲೋಹದ ತಟ್ಟೆ) ಮುಟ್ಟಬಾರದು ಅಂದುಬಿಟ್ಟರು. ಆ ಡ್ರಮ್ಮರ್‌ಗಳಲ್ಲಿ ಒಬ್ಬರು ಹಳೇ ಬ್ಯಾಂಡ್‌ನ ಫಿಲ್ ಕಾಲಿನ್ಸ್. ಹಳೇ ಗೆಳೆಯ ಬಂದರೂ ಹಳೇ ಸದ್ದು ಬರಲಿಲ್ಲ ಅಲ್ವಾ? ಒಂದು ಚಟ ಬಿಡಿಸಿದರೆ ಸಾಕು, ಎಲ್ಲರೂ ಹೊಸದಾಗಿ ಯೋಚಿಸುತ್ತಾರೆ. ನಾನು ನಿಲ್ಲಿಸಿದ್ದು ಡಿಸ್ಟಾರ್ಶನ್ ಪೆಡಲ್, ಗಿಟಾರಿನ ಸದ್ದನ್ನು ಒರಟು ಮಾಡೋ ಕಾಲಿನ ಸ್ವಿಚ್ಚು. ಗಿಟಾರ್ ನುಡಿಸುವ ಹುಡುಗ ಒಂದು ವಾರ ಮುಖ ಊದಿಸಿಕೊಂಡಿದ್ದ.

ದುಡ್ಡಿನ ಮಾತು ಚಿಕ್ಕದು. ಬ್ಯಾಂಡ್‌ನಲ್ಲಿ ನಷ್ಟವನ್ನೂ ಹಂಚಿಕೊಳ್ಳುತ್ತಿದ್ದಿರಿ. ಈಗ ಸಭಾಂಗಣ ಖಾಲಿ ಇದ್ದರೂ ವಾದಕರ ಸಂಭಾವನೆ ನಿಮ್ಮ ಜೇಬಿಂದಲೇ ಹೋಗಬೇಕು. ಪ್ರಾಕ್ಟೀಸ್ ದಿನಗಳಿಗೆ ಎಷ್ಟು ಅಂತಲೂ ಮೊದಲೇ ಮಾತಾಡಿ.

ಹಳೇ ಹಾಡು ಹಾಡಬೇಕಾ? ಲೆಡ್ ಜೆಪ್ಲಿನ್‌ನ ರಾಬರ್ಟ್ ಪ್ಲಾಂಟ್ 1983ರ ಸೋಲೋ ಪ್ರವಾಸದಲ್ಲಿ ಬ್ಯಾಂಡ್‌ನ ಹಾಡುಗಳನ್ನು ಬದಿಗಿಟ್ಟಿದ್ದರು. ನನಗೆ ಅಷ್ಟು ಧೈರ್ಯ ಇಲ್ಲ. ಎರಡು ಹಳೇ ಹಾಡು ಇಡುತ್ತೇನೆ, ಹೊಸ ಸ್ಕೇಲಿನಲ್ಲಿ, ನಿಧಾನ ಲಯದಲ್ಲಿ. ಅದರಿಂದ ಶುರು ಮಾತ್ರ ಮಾಡಲ್ಲ. ಮಾಡಿದರೆ ಜನ ಉಳಿದ ಹೊತ್ತೆಲ್ಲ ಮುಂದಿನ ಹಳೇ ಹಾಡಿಗೇ ಕಾಯುತ್ತಾರೆ.

ಸ್ಟೇಜ್ ಮೇಲಿನ ಸಣ್ಣ ವಿಷಯಗಳನ್ನೂ ಮೊದಲೇ ಅಭ್ಯಾಸ ಮಾಡಿ. ನನ್ನ ಮೊದಲ ಸೋಲೋ ಕಾರ್ಯಕ್ರಮದಲ್ಲಿ ಒಂದು ಹಳೇ ಹಾಡಿನ ನಡುವೆ ಹದಿನಾರು ಬಾರ್‌ಗಳ (ತಾಳದ ಸುತ್ತುಗಳ) ವಾದ್ಯದ ಭಾಗ ಬಂತು. ಅಭ್ಯಾಸಬಲ, ಎಡಕ್ಕೆ ತಿರುಗಿ ಬೆನ್ನಿಗೆ ಬೆನ್ನು ಕೊಡೋಕೆ ವಾಲಿದೆ. ಅಲ್ಲಿ ಯಾರೂ ಇರಲಿಲ್ಲ. ಹೊಸ ಗಿಟಾರಿಸ್ಟ್ ಬಲಗಡೆ, ದೂರದಲ್ಲಿ, ಕಣ್ಣು ಮುಚ್ಚಿಕೊಂಡು ನುಡಿಸುತ್ತಿದ್ದ. ಉಳಿದ ಹದಿನಾಲ್ಕು ಬಾರ್ ಮೈಕ್ ಸ್ಟ್ಯಾಂಡಿನ ತಿರುಪು ಸಡಿಲ ಮಾಡೋದು, ಬಿಗಿ ಮಾಡೋದು, ಇಷ್ಟೇ ಮಾಡಿದೆ.

ಈಗ ಆ ಭಾಗವನ್ನು ಎಂಟು ಬಾರ್‌ಗೆ ಇಳಿಸಿದ್ದೇನೆ. ಆ ಹೊತ್ತಲ್ಲಿ ನೀರು ಕುಡಿಯುತ್ತೇನೆ. ಬಾಟಲಿ ಇಟ್ಟುಕೊಳ್ಳೋದು ಎಡಗಡೆಗೇ.